ಗಂಜಿ ಹಾಕಿದ ಗ್ಯಾಸ್ಕೆಟ್

ಸೇಲಂನ ಗುಗೈ ಪೇಟೆಯ ಕನ್ನಡ ನೇಕಾರರ ಬೀದಿಯಲ್ಲಿ ಅಣ್ಣಯ್ಯಪ್ಪನ ಕೈಯನ್ನು ಹೊಗಳದವರಿರಲಿಲ್ಲ. ಕಣ್ಣು ಮುಚ್ಚಿ ನೂಲು ಮುಟ್ಟಿದರೂ ಅದು ಎಷ್ಟು ಸಣ್ಣದೆಂದು ಹೇಳಿಬಿಡುತ್ತಿದ್ದ. ಆದರೆ ಮಗ್ಗಕ್ಕೆ ಕೈಯೊಂದೇ ಸಾಲದಲ್ಲ, ಕಾಲೂ ಬೇಕು. 1933ರಲ್ಲಿ ಸಂತೆಯ ಗಾಡಿಯೊಂದು ಅವನ ಬಲಗಾಲಿನ ಮೇಲೆ ಹರಿಯಿತು. ಅಲ್ಲಿಂದಾಚೆಗೆ ಕಾಲಿಳಿಬಿಟ್ಟು ತುಳಿಯುವ ಮಗ್ಗದ ಗುಂಡಿಗೆ ಇಳಿದದ್ದು ಹೆಂಡತಿ ಕಣ್ಣಮ್ಮ. ಅವಳು ಅವನ ಅಕ್ಕನ ಮಗಳೇ. ಮದುವೆಯಾದ ಮೇಲೂ "ಮಾವ" ಎನ್ನುವುದನ್ನು ಬಿಟ್ಟಿರಲಿಲ್ಲ.

ಮರುವರ್ಷ ಅವಳು ಐದು ತಿಂಗಳ ಬಸುರಿ. ನೇಯ್ದ ಬಟ್ಟೆ ಸುತ್ತುವ ಮಗ್ಗದ ದಿಂಡಿಗೆ ಹೊಟ್ಟೆ ಒತ್ತುತ್ತಿತ್ತು. ಸಂಜೆ ಗುಂಡಿಯಿಂದ ಏಳುವಾಗ ಅವಳು ಹಲ್ಲು ಕಚ್ಚುವುದನ್ನು ಅಣ್ಣಯ್ಯಪ್ಪ ದಿನವೂ ನೋಡುತ್ತಿದ್ದ. ಹೇಗಾದರೂ ಮಾಡಿ ಅವಳನ್ನು ಅಲ್ಲಿಂದ ಮೇಲೆತ್ತಬೇಕು, ಅದೊಂದೇ ಅವನ ಜಪ. ಅದಕ್ಕೇ ಸುಬ್ಬರಾಯನ್ ಅವರ ಮೋಟಾರ್ ಶೆಡ್ಡಿಗೆ ಹೋಗಿ ಸೇರಿ, ಮೂರು ತಿಂಗಳು ಬೋಲ್ಟು ತೊಳೆಯುತ್ತಾ ಕೆಲಸ ಕಲಿತ. ಕೊನೆಗೊಂದು ದಿನ ಅವರು ಹಳೆಯ ಬಾಡಿಗೆ ಕಾರೊಂದನ್ನು ತೋರಿಸಿ, ಇದನ್ನು ಸರಿಮಾಡಿದರೆ ನಿನ್ನ ಕೆಲಸ ಖಾಯಂ, ಕೆಡಿಸಿದರೆ ಮನೆಗೆ ಹೋಗು ಎಂದರು.

ಎಂಜಿನ್ನಿನ ಹಿಂಬದಿಗೆ ಕ್ಲಚ್ ಹೌಸಿಂಗ್, ಅಂದರೆ ಕ್ಲಚ್ಚಿನ ಕವಚ, ಕೂರಿಸಬೇಕು. ನಡುವೆ ಎಣ್ಣೆ ಸೋರದಂತೆ ದಪ್ಪ ಕಾಗದದ ಗ್ಯಾಸ್ಕೆಟ್ ಇಡಬೇಕು. ಅಣ್ಣಯ್ಯಪ್ಪ ಕಾಗದವನ್ನು ಅಂದವಾಗಿ ಕತ್ತರಿಸಿದ, ಜೋಡಿಸಿದ, ಬಿಗಿದ. ಸುಬ್ಬರಾಯನ್ ಕಾರು ಹತ್ತಿ ಕ್ಲಚ್ ಬಿಟ್ಟದ್ದೇ ತಡ, ಗಾಡಿ ಗಡಗಡ ನಡುಗಿತು. ಕೆಳಗೆ ಎಣ್ಣೆ ತೊಟ್ಟಿಕ್ಕಿತು.

"ಎನ್ನಪ್ಪಾ, ಇದು ಕಾರಾ, ಮಾಟ್ಟುವಂಡಿಯಾ?" ಎಂದು ಗದರಿದರು. ಎತ್ತಿನ ಗಾಡಿಯೂ ಇದಕ್ಕಿಂತ ಮೆತ್ತಗೆ ಹೋಗುತ್ತದೆಂದು ಅಣ್ಣಯ್ಯಪ್ಪನಿಗೂ ಅನ್ನಿಸಿತು. ಪುಣ್ಯಕ್ಕೆ, ಮರುದಿನ ಸಂಜೆಯವರೆಗೆ ಅವಕಾಶ ಕೊಟ್ಟರು.

ಮರುದಿನ ಮಧ್ಯಾಹ್ನ ಕಣ್ಣಮ್ಮ ಬುತ್ತಿ ತಂದಾಗ ಅವನು ಬಿಚ್ಚಿದ ಹೌಸಿಂಗಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಅವಳು ಅವನು ಬಿಚ್ಚಿ ತೆಗೆದಿದ್ದ ಗ್ಯಾಸ್ಕೆಟನ್ನು ಎತ್ತಿ, ಹೆಬ್ಬೆರಳಿನಿಂದ ಸುತ್ತಲೂ ಸವರಿದಳು.

"ಮಾವ, ಇದ್ಕೆ ಗಂಜಿ ಆಕಿದ್ದೀಯಾ?"

"ಊಂ. ಕಾಗ್ದ ಸೆಟೆದು ನಿಂತ್ಕಳ್ಳಿ ಅಂತ. ನಿನ್ ಮಡಕೇಲಿದ್ದದ್ದೇ."

"ಅಯ್ಯೋ ನನ್ ಮಾವ! ಇದೇನು ಸೀರೆ ನೂಲಾ? ನೋಡು, ಇಲ್ಲಿ ಗಂಟು ಕಟ್ಟೈತೆ, ಇಲ್ಲಿ ಉದುರೋಗೈತೆ."

ಅವನೂ ಸವರಿ ನೋಡಿದ. ಹೌದು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೌಸಿಂಗ್ ವಾರೆಯಾಗಿ ಕೂತದ್ದು ಅದರಿಂದಲೇ. ಹುಟ್ಟಿದಾಗಿನಿಂದ ನೂಲಿಗೆ ಗಂಜಿ ಹಾಕಿದ ಕೈ, ಕಾಗದ ಕಂಡರೂ ಸುಮ್ಮನಿರಲಿಲ್ಲ. ಕಣ್ಣಮ್ಮ ನಕ್ಕಳು, ಅವನಿಗೆ ಅಳು ಬಂತು, ಆಮೇಲೆ ಇಬ್ಬರೂ ನಕ್ಕರು.

ಹೊಸ ಕಾಗದ ಕತ್ತರಿಸಿ ಬರೀ ಹರಳೆಣ್ಣೆ ಸವರಿದ. ಬೋಲ್ಟುಗಳನ್ನು ಅರ್ಧ ಬಿಗಿದ. ಎಂಜಿನ್ನಿನ ಚಕ್ರಕ್ಕೆ ಒಂದು ತಂತಿ ಕಟ್ಟಿ, ಅದರ ತುದಿ ಹೌಸಿಂಗಿನ ನಡುವಿನ ತೂತಿನ ಅಂಚಿನ ಹತ್ತಿರ ಸುತ್ತುವಂತೆ ಮಾಡಿದ. ಹೌಸಿಂಗ್ ಸರಿಯಾಗಿ ಕೂತರೆ ತಂತಿಗೂ ಅಂಚಿಗೂ ನಡುವಿನ ಸಂದು ಎಲ್ಲ ಕಡೆಯೂ ಒಂದೇ ಸಮ ಇರಬೇಕು. ಅಳೆಯುವ ಸಾಧನ ಶೆಡ್ಡಿನಲ್ಲಿರಲಿಲ್ಲ.

"ಕಣ್ಣಿ, ನಿನ್ ಸೆರಗಲ್ಲಿ ನೂಲೈತಾ?"

ನೇಕಾರರ ಹೆಂಗಸಿನ ಸೆರಗಿನಲ್ಲಿ ನೂಲಿಲ್ಲದೆ ಇರುತ್ತದೆಯೇ! ಎಳೆಗಳನ್ನು ಜೋಡಿಸಿ ಸಂದಿಗೆ ತೂರಿಸಿದ. ಮೇಲೆ ನಾಲ್ಕು ಎಳೆ ಹೋದವು, ಕೆಳಗೆ ಎರಡೇ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದ, ಚಕ್ರ ತಿರುಗಿಸಿದ, ಮತ್ತೆ ತೂರಿಸಿದ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ಕೊನೆಗೆ ನಾಲ್ಕು ದಿಕ್ಕಿನಲ್ಲೂ ಮೂರೇ ಮೂರು ಎಳೆ. ಆಗ ಎದುರುಬದುರು ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ.

ಸಂಜೆ ಸುಬ್ಬರಾಯನ್ ಕ್ಲಚ್ ಬಿಟ್ಟರು. ಕಾರು ಸದ್ದಿಲ್ಲದೆ ಮುಂದಕ್ಕೆ ಸರಿಯಿತು. ಅವರು ಹೊಗಳುವ ಪೈಕಿ ಅಲ್ಲ. "ನಾಳೈಕ್ಕು ಸೀಗಿರಂ ವಾ," ನಾಳೆ ಬೇಗ ಬಾ ಎಂದರು, ಅಷ್ಟೇ.

ಅಣ್ಣಯ್ಯಪ್ಪ ಕುಂಟುತ್ತಲೇ ಓಡಿದ. ಕಣ್ಣಮ್ಮ ಆಗಲೇ ಮನೆಗೆ ಬಂದು ಗುಂಡಿಗಿಳಿದು ನೇಯುತ್ತಿದ್ದಳು. ಅವನು ಎಣ್ಣೆ ಮೆತ್ತಿದ ಕೈ ಚಾಚಿದ.

"ಏಳು. ಸಾಕು."

ಅವಳು ಅವನ ಮುಖ ನೋಡಿ, ಕೈ ಹಿಡಿದು ಮೇಲೆ ಬಂದಳು. ಅಣ್ಣಯ್ಯಪ್ಪ ಅವಳನ್ನು ಗೋಡೆಗೊರಗಿಸಿ ಕೂರಿಸಿ, ಒಲೆಯ ಮೇಲಿದ್ದ ಗಂಜಿಗೆ ಉಪ್ಪು ಹಾಕಿ ತಂದುಕೊಟ್ಟ.

"ಇದು ನೂಲಿಗೂ ಬ್ಯಾಡ, ಕಾಗ್ದಕ್ಕೂ ಬ್ಯಾಡ. ನೀನ್ ಕುಡಿ."