ಸ್ಟುಡಿಯೋದ ಕೋಟು ಮತ್ತು ಖಾಜಾ

1978ರಲ್ಲಿ ನಾನು ರಾಯಚೂರಿನ ಬಜಾರದ ಒಂದು ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಆಗಿದ್ದೆ. ನನ್ನ ಊರು ದೇವದುರ್ಗ. ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದು ಪ್ರಿಂಟ್ ಹಾಕುವವನು ಮಾನ್ವಿಯ ಖಾಜಾ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಲೈಟಿಂಗ್ ಕಂಡರೆ ಅವನು ಮೂಗು ಮುರಿಯುತ್ತಿದ್ದ. ಅವನ ಪ್ರಿಂಟ್ ಕಂಡರೆ ನನಗೆ ಮೈ ಉರಿಯುತ್ತಿತ್ತು. ಸ್ಟುಡಿಯೋದ ಮಾಲೀಕ ಸಾಹುಕಾರನ ಬಗ್ಗೆ ನಾನು ಏನು ಆಡಿದರೂ ಸಂಜೆಯೊಳಗೆ ಅವನ ಕಿವಿಗೆ ಬೀಳುತ್ತಿತ್ತು. ಹೇಳಿದವನು ಖಾಜಾ ಎಂದು ಸಾಹುಕಾರನೇ ಒಮ್ಮೆ ಅಂದಿದ್ದ. ಅಂದಿನಿಂದ ಖಾಜಾನೊಡನೆ ಮಾತು ಬಿಟ್ಟಿದ್ದೆ.

ಆ ಕಾಲದ ಸ್ಟುಡಿಯೋಗಳಲ್ಲಿ ಗಿರಾಕಿಗಳಿಗೆಂದೇ ಒಂದು ಕೋಟು ಇರುತ್ತಿತ್ತು. ಅಂಗಿಯ ಮೇಲೆ ತೊಟ್ಟು, ಫೋಟೋ ಆದಮೇಲೆ ಬಿಚ್ಚಿಟ್ಟು ಹೋಗುತ್ತಿದ್ದರು. ನಮ್ಮ ಕೋಟಿಗೆ ಬೆವರಿನ ವಾಸನೆ, ಆದರೂ ಎಲ್ಲರಿಗೂ ಅದೇ ಬೇಕು.

ಒಂದು ಮಧ್ಯಾಹ್ನ ಗುಂಜಹಳ್ಳಿಯಿಂದ ತಾಯಿ ಮಗ ಬಂದರು. ಕೂಲಿಯ ಮನೆತನ. ಮಗನಿಗೆ ಮಾಸ್ತರ ನೌಕರಿ ಸಿಕ್ಕಿತ್ತು. ಕೋಟು ಹಾಕಿದ ಅವನದೊಂದು ಫೋಟೋ ಬೇಕೆಂದಳು ತಾಯಿ. ಸಾಹುಕಾರ ಅವರ ಕೇರಿ ಯಾವುದೆಂದು ಕೇಳಿ ಮುಖ ಸಿಂಡರಿಸಿದ. ಅವಳ ಎದುರೇ ನನಗೆ ಹೇಳಿದ: “ಕೋಟ್ ಕೊಡಬ್ಯಾಡ. ನಾಳಿ ಅದನ್ನ ಮಂದಿ ಹಾಕ್ಕೋಬೇಕು.”

ಮಗ ತಾಯಿಯ ಕೈ ಹಿಡಿದು ಹೊರಟೇಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು, ಸಾಹುಕಾರನಿಗೆ ನಾಲ್ಕು ಮಾತು ಅಂದೆ. ಅಷ್ಟರಲ್ಲಿ ಖಾಜಾ ಹೊರಗೆ ಬಂದ. ಗೂಟದ ಕೋಟು ತೆಗೆದು, ಹುಡುಗನನ್ನು ನಿಲ್ಲಿಸಿ, ತಾನೇ ತೊಡಿಸಿ ಗುಂಡಿ ಹಾಕಿದ. ನನ್ನತ್ತ ತಿರುಗಿ ಗದರಿದ: “ಏನ್ ನೋಡಾಕತ್ತೀದಿ? ಲೈಟ್ ಹಚ್ಚು.”

ಹಚ್ಚಿದೆ. ಸಾಹುಕಾರ ಕೂಗಾಡುತ್ತಿರುವಾಗಲೇ ಫೋಟೋ ತೆಗೆದೆ. ಅವನು ಕ್ಯಾಮೆರಾಕ್ಕೆ ಕೈ ಹಾಕುವ ಮೊದಲೇ ಖಾಜಾ ಫಿಲ್ಮ್ ತೆಗೆದುಕೊಂಡು ಡಾರ್ಕ್‌ರೂಮಿಗೆ ಹೋಗಿ ಚಿಲಕ ಹಾಕಿದ. ಆ ನೆಗೆಟಿವ್ ಉಳಿಯಗೊಡುವುದಿಲ್ಲ ಎನ್ನುತ್ತ ಸಾಹುಕಾರ ಬಾಗಿಲು ಒದೆಯತೊಡಗಿದ.

“ಗೌಡ್ರ ಮನಿ ಮದುವಿ ರೋಲ್ ತೊಳಿಯಾಕತ್ತೀನಿ,” ಎಂದ ಖಾಜಾ ಒಳಗಿನಿಂದ. “ಬೆಳಕ ಬಿದ್ರ ಎಲ್ಲಾ ಹಾಳಾಗ್ತಾವ. ಒಡೀತೀರೇನು, ಒಡೀರಿ.”

ಸಾಹುಕಾರನ ಕಾಲು ನಿಂತಿತು. ಖಾಜಾ ಹೇಳಿದ್ದು ಶುದ್ಧ ಸುಳ್ಳು. ಆ ರೋಲುಗಳನ್ನು ಹಿಂದಿನ ದಿನವೇ ತೊಳೆದು ಒಣಗಿಸಿದ್ದನ್ನು ನಾನೇ ನೋಡಿದ್ದೆ. ಸಾಹುಕಾರ ನನ್ನ ಕಡೆ ತಿರುಗಿ, ಇದು ಖರೆಯೇ ಎಂದು ಕೇಳಿದ. ಖಾಜಾನ ಮೇಲಿನ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ.

“ಖರೇನ ಅದರಿ. ಒಡೀಬ್ಯಾಡ್ರಿ,” ಎಂದೆ.

ಸ್ವಲ್ಪ ಹೊತ್ತಿಗೆ ಖಾಜಾ ಹಸಿ ಪ್ರಿಂಟ್ ತಂದು, ಒಣಗುವ ತನಕ ಚಿತ್ರದ ಮೇಲೆ ಬೆರಳು ತಾಗಿಸಬೇಡವೆಂದು ಹೇಳಿ, ಸಾಹುಕಾರ ಅಡ್ಡ ಬರುವ ಮೊದಲೇ ಆ ತಾಯಿಯ ಕೈಗಿತ್ತ. ಸಂಜೆಯೊಳಗೆ ನಮ್ಮಿಬ್ಬರ ನೌಕರಿಯೂ ಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ, ನನ್ನ ಮೇಲೆ ನೀನು ಯಾಕೆ ಚಾಡಿ ಹೇಳುತ್ತಿದ್ದೆ ಎಂದು ಖಾಜಾನನ್ನು ಕೇಳಿದೆ. ಖಾಜಾ ಬಸಿ ಕೆಳಗಿಟ್ಟ.

“ನಾನಾ? ನನ್ನ ಮಾತೆಲ್ಲಾ ನೀನ ಹಚ್ಚಿಕೊಡ್ತೀದಿ ಅಂತ ಸಾವ್ಕಾರ ನನಗ ಹೇಳ್ತಿದ್ದ.” ಇಬ್ಬರ ಮಾತನ್ನೂ ಕದ್ದು ಕೇಳಿ, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದವನು ಸಾಹುಕಾರನೇ.

ಮುಂದೆ ಮಾನ್ವಿಯಲ್ಲಿ ಇಬ್ಬರೂ ಕೂಡಿ ಸ್ಟುಡಿಯೋ ಇಟ್ಟೆವು. ಲೈಟಿಂಗಿನ ಜಗಳ ಅಲ್ಲೂ ತಪ್ಪಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವನು ಎಂಥವನೆಂದು ಮಾಲೀಕನ ಬಾಯಿಂದ ತಿಳಿಯಬಾರದು, ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ರಾಯಚೂರಿನಲ್ಲಿ ನನಗಿದ್ದ ಒಬ್ಬನೇ ಗೆಳೆಯನನ್ನು ನಾನು ವರ್ಷಪೂರ್ತಿ ದ್ವೇಷಿಸಿದ್ದೆ.