ಸದ್ದಿಲ್ಲದ ವಿಡಿಯೊ ಮತ್ತು ನಮ್ಮ ಚಿಕ್ಕಮಾವ

ಅತ್ತೆಯ ವರ್ಷದ ತಿಥಿಗೆ ಬೋಡಿಯಿಂದಲೂ ಗೂಡಲೂರಿನಿಂದಲೂ ನೆಂಟರು ಬಂದಿದ್ದರು. ಊಟ ಮುಗಿದ ಮೇಲೆ ಎಲ್ಲರಿಗೂ ಅತ್ತೆಯ ದನಿ ಕೇಳಬೇಕೆಂಬ ಆಸೆಯಾಯಿತು. ಅವರು ದ್ರಾಕ್ಷಿ ಆರಿಸುತ್ತಾ ಮಾತಾಡಿದ್ದನ್ನು ನನ್ನ ಗಂಡ ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಗಂಡ ಬಾಡಿಗೆ ಪಾತ್ರೆ ಹಿಂದಿರುಗಿಸಲು ಕಂಬಂ ಪೇಟೆಗೆ ಹೋಗಿದ್ದರಿಂದ ನಾನೇ ಹಾಕಿದೆ. ಚಿತ್ರ ಬಂತು, ಸದ್ದು ಬರಲಿಲ್ಲ. ಅತ್ತೆಯ ಬಾಯಿ ಮಾತ್ರ ಆಡುತ್ತಿತ್ತು.

"ಎದ್ದೇಳು," ಎಂದು ಚಿಕ್ಕಮಾವ ಕುರ್ಚಿ ಎಳೆದುಕೊಂಡರು.

ಚಿಕ್ಕಮಾವ ಎಂದರೆ ಅತ್ತೆಯ ಮೈದುನ. ದಿಂಡಿಗಲ್‌ನಲ್ಲಿ ಯಾವ ಕಾಲದಲ್ಲೋ ಒಂದು ಕಂಪ್ಯೂಟರ್ ಕೋರ್ಸ್ ಮಾಡಿ, ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದವರು. ಅಂದಿನಿಂದ ನಮ್ಮ ಕುಲದಲ್ಲಿ ಕೆಟ್ಟ ಯಂತ್ರವೆಲ್ಲ ಮೊದಲು ಅವರ ಕೈಗೆ ಹೋಗುತ್ತದೆ, ಆಮೇಲೆ ಗುಜರಿಗೆ.

"ಕೋಡೆಕ್ ಇಲ್ಲ," ಎಂದು ತೀರ್ಪು ಕೊಟ್ಟರು. ಹಾಗೆಂದರೇನೆಂದು ಯಾರೂ ಕೇಳಲಿಲ್ಲ; ಕೇಳದಿರಲೆಂದೇ ಹೇಳಿದ ಮಾತದು. ಹೊಸ ಪ್ಲೇಯರ್ ಇಳಿಸಿದರು. ಅದರ ಜೊತೆಗೆ ಇಸ್ಪೀಟಿನ ಆಟವೊಂದು, ಮದುವೆ ಜಾಹೀರಾತೊಂದು ಬಂದು ಕೂತವು. ಏನನ್ನೋ ಒತ್ತಿದರು, ಅತ್ತೆ ತಲೆಕೆಳಗಾದರು. ನೆಂಟರೆಲ್ಲ ಭಕ್ತಿಯಿಂದ ಕತ್ತು ಓರೆ ಮಾಡಿ ನೋಡಿದರು.

"ಸ್ಪೀಕರ್ ಒಂದ್ಸಲ ನೋಡಿ ಮಾವ," ಎಂದೆ.

"ನೀ ಹೋಗಿ ಕಾಪಿ ಪೋಡಮ್ಮ. ಇದು ನಿನ್ಗೆ ಪುರಿಯಾಕಿಲ್ಲ," ಎಂದರು, ತಮಿಳು ಬೆರೆತ ನಮ್ಮ ಮನೆಯ ಕನ್ನಡದಲ್ಲಿ.

ನಾನು ಅಡುಗೆಮನೆಗೆ ನಡೆದೆ. ಅರ್ಥವಾಗದ ವಿಷಯ ಬಂದಾಗ ಹೆಂಗಸರು ಕಾಫಿ ಮಾಡಬೇಕು. ಅರ್ಥವಾಗದ ಗಂಡಸರು ಕುರ್ಚಿಯಲ್ಲೇ ಇರಬಹುದು. ನಾನು ಕಾಫಿ ತಂದಾಗಲೂ ಚಿಕ್ಕಮಾವ ವಿಡಿಯೊವನ್ನು ಮತ್ತೆ ಮತ್ತೆ ಮೊದಲಿನಿಂದ ಹಾಕುತ್ತಿದ್ದರು. ಬೋಡಿಯ ನೆಂಟರೊಬ್ಬರು ಆ ತಾಳ್ಮೆಗೆ ಮೆಚ್ಚಿ, "ಎಷ್ಟು ಪೊರುಮೆ ನೋಡು ನಿಮ್ಮ ಚಿಕ್ಕಮಾವಂಗೆ," ಎಂದರು.

ಅಷ್ಟರಲ್ಲಿ ಹಿತ್ತಿಲ ಶೆಡ್ಡಿನಿಂದ ನಮ್ಮ ತೋಟದ ದ್ರಾಕ್ಷಿಯನ್ನು ಪೆಟ್ಟಿಗೆಗೆ ತುಂಬುವ ಹೆಂಗಸು ಓಡಿಬಂದಳು. ಹಣ್ಣು ತಿಥಿಗೆಂದು ಕಾಯುವುದಿಲ್ಲವಲ್ಲ, ಅಂದೂ ಕೆಲಸ ನಡೆದಿತ್ತು.

"ಅಕ್ಕಾ! ಶೆಡ್ಡಲ್ಲಿ ದೊಡ್ಡಮ್ಮ ಮಾತಾಡ್ತೈತೆ! ಒಂದೇ ಮಾತ ತಿರುಗಿ ತಿರುಗಿ ಬೈತೈತೆ! ನಾ ಇನ್ನು ಆ ಪಕ್ಕ ಹೋಗಾಕಿಲ್ಲ!"

ಆಗ ಹೊಳೆಯಿತು. ಗಂಡ ಹಾಡು ಕೇಳಲು ಶೆಡ್ಡಿನಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟಿದ್ದರು. ಕಂಪ್ಯೂಟರ್ ಸದ್ದನ್ನೆಲ್ಲ ಅಲ್ಲಿಗೇ ಕಳಿಸುತ್ತಿತ್ತು. ಕಾಫಿ ಲೋಟ ಕೆಳಗಿಟ್ಟು, ಚಿಕ್ಕಮಾವನ ಭುಜದ ಮೇಲಿನಿಂದ ಕೈಚಾಚಿ, ಪರದೆಯ ಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ ಬದಲಾಯಿಸಿದೆ. ನಡುಮನೆ ತುಂಬಾ ಅತ್ತೆ:

"ಈ ಗೊಂಚಲು ನೋಡು, ನಮ್ಮ ಮೈದ್ನನ್ ಮಾದ್ರಿ. ಮೇಲೆ ದಪ್ಪ, ಒಳಗೆ ಬರೀ ಬೀಜ. ಮಿಕ್ಸಿ ರಿಪೇರಿ ಮಾಡ್ತೀನಂತ ಬಿಚ್ಚಾಕಿ ಹೋದ. ಇವತ್ತೂ ಅಮ್ಮಿಕಲ್ಲಲ್ಲೇ ಅರೀತೀನಿ ನಾನು."

ಬೋಡಿಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗೂಡಲೂರಿನವರಿಗೆ ಆ ಸಭ್ಯತೆಯೂ ಇರಲಿಲ್ಲ. ನಾನೂ ನಕ್ಕೆ, ನಗುತ್ತಲೇ ಕಣ್ಣು ತುಂಬಿತು. ಒಂದು ವರ್ಷದಿಂದ ಆ ಗದರಿಕೆ ಈ ಮನೆಯಲ್ಲಿ ಇರಲಿಲ್ಲ.

"ನಾ ಹೇಳಲಿಲ್ವಾ? ಕೋಡೆಕ್ ಹಾಕಿದ್ಮೇಲೆ ಬಂತು," ಎಂದರು ಚಿಕ್ಕಮಾವ.

ಕೊಯಮತ್ತೂರಿನಲ್ಲಿ ಓದುವ ಅವರ ಮೊಮ್ಮಗಳು ನಗುವವರ ಮುಖಗಳನ್ನೇ ನೋಡುತ್ತಿದ್ದಳು. ಮನೆಮಾತು ಕನ್ನಡ ಅವಳಿಗೆ ಅರ್ಧಂಬರ್ಧ; ಅಜ್ಜಿಯೂ ಅವಳಿಗೆ ಪಾಟಿ. "ಪಾಟಿ ಏನು ಹೇಳಿದ್ದು, ತಾತ?" ಎಂದಳು.

ಚಿಕ್ಕಮಾವ ಗಂಟಲು ಸರಿಮಾಡಿಕೊಂಡು ತಮಿಳಿನಲ್ಲಿ ವಿವರಿಸಿದರು: ಈ ವರ್ಷ ದ್ರಾಕ್ಷಿ ಚೆನ್ನಾಗಿ ಬಂದಿದೆ, ಗೊಂಚಲು ದಪ್ಪವಾಗಿದೆ ಎಂದು ಪಾಟಿ ಹೇಳುತ್ತಿದ್ದಾರೆ.

ನಾನು ಹುಡುಗಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪೂರ್ತಿ ಹೇಳಿದೆ.