ಮೂರನೇ ಸಾಲು

ನಮ್ಮ ಕಡಲಕರೆಯಲ್ಲಿ ದೋಣಿಗೆ ಜಾಗವೇ ಗುರುತು. ಬಡಗು ದಿಕ್ಕಿನಿಂದ ಮೂರನೆಯದು ನಮ್ಮದು. ಅಜ್ಜನ ಕಾಲದಿಂದಲೂ ಹಾಗೇ, ಯಾರೂ ಅದಲುಬದಲು ಮಾಡುವುದಿಲ್ಲ. ಅದೇ ಬುದ್ಧಿಯಲ್ಲಿ ನಾನು ಪ್ರೋಗ್ರಾಂ ಬರೆದೆ, ನನ್ನ ಕರ್ಮ.

ಕುಂದಾಪುರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು ನಾನು. ಕಡಲಿನ ಹವಾಮಾನ ತೋರಿಸುವ ಒಂದು ವೆಬ್ ಪುಟವಿದೆ. ಅದರ ಇಂಗ್ಲಿಷ್ ಪಟ್ಟಿ ಓದಲು ದಿನಾ ಮೀನಿಗೆ ಹೋಗುವ ಅಣ್ಣನಿಗೆ ಬೇಜಾರು. ಹಾಗಾಗಿ ವೆಬ್ ಪುಟವನ್ನು ತುಂಡು ತುಂಡಾಗಿ ಬಿಡಿಸಿಕೊಡುವ ಎಚ್‌ಟಿಎಂಎಲ್ ಪಾರ್ಸರ್ ಎಂಬ ಸಲಕರಣೆ ಬಳಸಿ, ಪಟ್ಟಿಯ ಮೂರನೇ ಸಾಲು ಹೆಕ್ಕಿ, ದಿನಾ ಬೆಳಿಗ್ಗೆ ಅವನ ಮೊಬೈಲಿಗೆ ಕನ್ನಡದಲ್ಲಿ ಬರುವಂತೆ ಮಾಡಿದ್ದೆ. ನಮ್ಮ ಕರಾವಳಿ ಇದ್ದದ್ದು ಮೂರನೇ ಸಾಲಿನಲ್ಲಿ. ಸಾಲನ್ನು ಕರಾವಳಿಯ ಹೆಸರಿನಿಂದ ಹುಡುಕಿ ತೆಗೆ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಮೊದಲೆಲ್ಲ ಗಾಳಿ ನೋಡಿ ಹೊರಡುತ್ತಿದ್ದ ಅಣ್ಣ ಆಮೇಲೆ ಮೆಸೇಜ್ ನೋಡಿ ಹೊರಡತೊಡಗಿದ. ನನಗೋ ಎಂಥಾ ಜಂಬ!

ಆ ದಿನ ‘ಕಡಲು ಶಾಂತ’ ಎಂದು ಬಂತು. ಅವನು ಹೋದ. ಏಳು ಗಂಟೆಗೆ ಚಹಾ ಕುಡಿಯುತ್ತಾ ಸುಮ್ಮನೆ ಪುಟ ತೆರೆದೆ. ಪಟ್ಟಿಯ ಮೇಲ್ಗಡೆ ಹೊಸದೊಂದು ಸಾಲು ಸೇರಿಕೊಂಡಿತ್ತು. ನಾವು ನಾಲ್ಕಕ್ಕೆ ಇಳಿದಿದ್ದೆವು, ಅಣ್ಣನಿಗೆ ಹೋದ ಮೂರನೇ ಸಾಲು ಬೇರೆ ಕರಾವಳಿಯದು. ನಮ್ಮ ಸಾಲಿನಲ್ಲಿ ಬರೆದಿತ್ತು: ಭಾರಿ ಅಲೆ, ಯಾರೂ ಕಡಲಿಗೆ ಇಳಿಯಬೇಡಿ. ಫೋನ್ ಮಾಡಿದೆ. ಉಪ್ಪುನೀರು ತಾಗುತ್ತದೆಂದು ಅವನು ಬಿಟ್ಟುಹೋಗಿದ್ದ ಮೊಬೈಲ್ ನಮ್ಮ ಒಳಕೋಣೆಯಲ್ಲೇ ಬಡಿದುಕೊಂಡಿತು.

ಕಡಲಕರೆಗೆ ಓಡಿದೆ. ಮೂರನೆಯ ಜಾಗ ಖಾಲಿ, ಉಳಿದ ದೋಣಿಗಳೆಲ್ಲ ದಡದ ಮೇಲೆ.

“ಹ್ವಾಯ್, ನಾವ್ ಬ್ಯಾಡ ಅಂದ್ರೂ ಕೇಣ್ಲಿಲ್ಲ ಅವ. ತಂಗಿ ಹೇಳಿತ್, ಕಡ್ಲ್ ಶಾಂತ ಇತ್ತ್ ಅಂದ್ಕಂಡ್ ಹೋದ,” ಎಂದರು ಪಕ್ಕದ ದೋಣಿಯ ಹಿರಿಯರು.

ಪ್ರೋಗ್ರಾಂ ತಿದ್ದಲು ನನಗೆ ಎರಡು ನಿಮಿಷ ಸಾಕು. ದೋಣಿ ತಿರುಗಿಸಲು ನನ್ನ ಕೈಯಲ್ಲಿ ಏನಿತ್ತು? ಮಧ್ಯಾಹ್ನದವರೆಗೂ ದಡದ ಹೊಯಿಗೆಯಲ್ಲಿ, ಸುಡುವ ಮರಳಲ್ಲಿ ಕೂತೆ. ಕಂಡ ದೇವರಿಗೆಲ್ಲ ಹರಕೆ ಹೇಳಿಕೊಂಡೆ.

ಬಂದ. ಬಲೆ ಹೋಗಿತ್ತು, ಅಂಗೈ ಸುಲಿದಿತ್ತು. ತಪ್ಪು ನನ್ನದೆಂದು ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ ಪುಣ್ಯಾತ್ಮ. ಬೈದಿದ್ದರೆ ಎಷ್ಟೋ ವಾಸಿ.

ವಾರದ ನಂತರ ಬೇರೆ ಬಲೆ ಹೊಂದಿಸಿಕೊಂಡು ಬೆಳಿಗ್ಗೆ ಬಾಗಿಲಲ್ಲಿ ನಿಂತ. ಪ್ರೋಗ್ರಾಂ ಸರಿಮಾಡಿದ್ದೆ, ಮೆಸೇಜ್ ಬಂದಿತ್ತು. ಪುಟವನ್ನು ನಾನೇ ನಾಲ್ಕು ಸಲ ಓದಿದ್ದೆ, ಶಾಂತವೆಂದೇ ಇತ್ತು. ಆದರೂ ಐದನೇ ಸಲ ಪುಟ ತೆರೆದೆ, ಕಣ್ಣು ತುಂಬಿ ಬಂತು.

“ಎಂತಕ್ ಮರ್ಕುದ್ ಮಾರಾಯ್ತಿ?” ಎಂದ ಅಣ್ಣ. “ಹೋಪ್ದಾ, ಬ್ಯಾಡ್ದಾ? ನೀ ಹೇಳ್, ಸಾಕ್.”